ಹೆಬ್ಬೆರಳುದ್ದದ ಯೋಧನಿಗೆ ಬಣ್ಣ: ಅಕ್ರಿಲಿಕ್ ಆರಿಸುವುದು, ಬೆರೆಸುವುದು ಹೇಗೆ?

ಫ್ಯಾಂಟಸಿ ಆಟಗಳ ಮೇಜಿನ ಮೇಲೆ ನಿಲ್ಲುವ ಮಿನಿಯೇಚರ್‌ಗಳಲ್ಲಿ ಮನುಷ್ಯಾಕೃತಿಯ ಬೊಂಬೆ ಸಾಮಾನ್ಯವಾಗಿ 28ರಿಂದ 32 ಮಿ.ಮೀ. ಎತ್ತರವಿರುತ್ತದೆ. ಇಷ್ಟು ಸಣ್ಣ ಮೈಮೇಲೆ ಕೋಣೆಯ ಬೆಳಕು ಮೂಡಿಸುವ ನೆರಳು ಕಣ್ಣಿಗೆ ಸಾಲುವುದಿಲ್ಲವಾದ್ದರಿಂದ, ಮೇಲಂಗಿಯ ಮಡಿಕೆಯೊಳಗಿನ ಕತ್ತಲೆಯನ್ನೂ ಮೂಗಿನ ತುದಿಯ ಬೆಳಕನ್ನೂ ಬಣ್ಣದಲ್ಲೇ ಬರೆಯಬೇಕಾಗುತ್ತದೆ. ಅಂದರೆ ಕೆಂಪು ಮೇಲಂಗಿಗೆ ನೆರಳಿನ ಕೆಂಪು, ನಡುವಿನ ಕೆಂಪು, ಬೆಳಕಿನ ಕೆಂಪು ಎಂದು ಕನಿಷ್ಠ ಮೂರು ಬೇಕು. ಹೊಸಬರು ಈ ಮೂರಕ್ಕೂ ಬೇರೆ ಬೇರೆ ಬಾಟಲಿ ಕೊಳ್ಳುತ್ತಾರೆ. ಹಾಗೆ ಕೊಳ್ಳುತ್ತಾ ಹೋದರೆ ಕಪಾಟು ತುಂಬುತ್ತದೆಯೇ ಹೊರತು ಕೈ ಪಳಗುವುದಿಲ್ಲ. ಒಂಬತ್ತು ಬಾಟಲಿಗಳ ಗುಣವನ್ನು ಚೆನ್ನಾಗಿ ಅರಿತರೆ ಉಳಿದವನ್ನು ಬೆರೆಸಿಕೊಳ್ಳಬಹುದು.

ಬಾಟಲಿ ಆರಿಸುವಾಗ

ಅಕ್ರಿಲಿಕ್ ಬಣ್ಣವೆಂದರೆ ನೀರಿನಲ್ಲಿ ತೇಲುವ ಅಕ್ರಿಲಿಕ್ ಅಂಟಿನ ಕಣಗಳು ಮತ್ತು ಅವುಗಳ ಜೊತೆಗಿರುವ ವರ್ಣದ್ರವ್ಯ. ನೀರು ಆರಿದಂತೆ ಅಂಟಿನ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಆ ಪೊರೆ ಮತ್ತೆ ನೀರಿಗೆ ಕರಗದಿರುವುದರಿಂದಲೇ ಒಂದು ಪದರದ ಮೇಲೆ ಇನ್ನೊಂದನ್ನು ನಿಶ್ಚಿಂತೆಯಿಂದ ಹಚ್ಚಬಹುದು. ಹಸಿಯಾಗಿದ್ದಾಗ ಹಾಲಿನಂತೆ ಬೆಳ್ಳಗಿರುವ ಅಂಟು ಒಣಗಿದಾಗ ಪಾರದರ್ಶಕವಾಗುತ್ತದೆ, ಹಾಗಾಗಿ ಪ್ಯಾಲೆಟ್ಟಿನಲ್ಲಿ ಕಂಡದ್ದಕ್ಕಿಂತ ಬೊಂಬೆಯ ಮೇಲೆ ಬಣ್ಣ ತುಸು ಗಾಢವಾಗಿ ನಿಲ್ಲುತ್ತದೆ. ಮಿನಿಯೇಚರ್‌ಗೆಂದೇ ತಯಾರಾದ ಬಣ್ಣ ತೆಳುವಾಗಿ, ಬಹುಮಟ್ಟಿಗೆ ಹೊಳಪಿಲ್ಲದಂತೆ ಒಣಗುತ್ತದೆ. ಕ್ಯಾನ್ವಾಸಿಗೆ ಬಳಸುವ ಟ್ಯೂಬಿನ ದಪ್ಪ ಅಕ್ರಿಲಿಕ್ಕನ್ನೂ ಬಳಸಬಹುದು, ಆದರೆ ಅದನ್ನು ಬಹಳ ತೆಳುಮಾಡಬೇಕು, ಮತ್ತು ಅದರ ಹೊಳಪನ್ನು ಕೊನೆಗೆ ಮ್ಯಾಟ್ ವಾರ್ನಿಷ್‌ನಿಂದ ಅಡಗಿಸಬೇಕು. ಡಬ್ಬಿಗಿಂತ ಹನಿ ಬೀಳಿಸುವ ಮೂತಿಯ ಬಾಟಲಿ ನನಗೆ ಮೆಚ್ಚುಗೆ, ಏಕೆಂದರೆ ಹನಿ ಎಣಿಸಬಹುದಾದರೆ ಮಾತ್ರ ಒಮ್ಮೆ ಬೆರೆಸಿದ ಬಣ್ಣವನ್ನು ಮತ್ತೊಮ್ಮೆ ಬೆರೆಸಲು ಬರುತ್ತದೆ.

ನನ್ನ ಒಂಬತ್ತು ಇವು: ಟೈಟಾನಿಯಂ ಬಿಳಿ, ಕಾರ್ಬನ್ ಕಪ್ಪು, ನಿಂಬೆ ಹಳದಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕಿತ್ತಳೆಯತ್ತ ಒಲಿದ ಕೆಂಪು, ಮಜೆಂಟಾ, ಕಾವಿ (ಮಣ್ಣಿನ ಕೆಂಗಂದು), ಅಲ್ಟ್ರಾಮರೀನ್ ನೀಲಿ (ನೇರಳೆಯತ್ತ ಒಲಿದದ್ದು), ಥಾಲೋ ನೀಲಿ (ಹಸಿರಿನತ್ತ ಒಲಿದದ್ದು). ಕೊಳ್ಳುವಾಗ ಲೇಬಲ್ಲಿನಲ್ಲಿ ವರ್ಣದ್ರವ್ಯದ ಸಂಕೇತವಿದ್ದರೆ ಓದಿ. ಪಿಡಬ್ಲ್ಯು 6 ಎಂದರೆ ಟೈಟಾನಿಯಂ ಬಿಳಿ, ಪಿಬಿ 29 ಎಂದರೆ ಅಲ್ಟ್ರಾಮರೀನ್, ಪಿಬಿ 15 ಎಂದರೆ ಥಾಲೋ ನೀಲಿ. ಒಂದೇ ಸಂಕೇತವಿರುವ ಬಣ್ಣ ಬೆರೆಸಿದಾಗ ಶುಭ್ರವಾಗಿ ಉಳಿಯುತ್ತದೆ; ಮೊದಲೇ ಮೂರು ನಾಲ್ಕು ದ್ರವ್ಯ ಸೇರಿದ್ದಕ್ಕೆ ಇನ್ನೆರಡು ಸೇರಿಸಿದರೆ ಕೆಸರಿನ ಬಣ್ಣ ಬರುವುದು ಸಹಜ. ಬಾಟಲಿಯ ಮೇಲಿನ ‘ಡ್ರ್ಯಾಗನ್ ರಕ್ತ’ದಂಥ ಹೆಸರುಗಳು ಈ ಕೆಲಸಕ್ಕೆ ಏನನ್ನೂ ಹೇಳುವುದಿಲ್ಲ.

ಕೊಂಡ ಮೇಲೆ ಒಂದು ಪರೀಕ್ಷೆ ಮಾಡಿ. ಬಿಳಿ ರಟ್ಟಿನ ಮೇಲೆ ಕಪ್ಪು ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು, ಒಣಗಿದ ಬಳಿಕ ಅದರ ಮೇಲೆ ಪ್ರತಿ ಬಣ್ಣವನ್ನೂ ಒಂದೊಂದು ಪಟ್ಟಿಯಾಗಿ ಹಚ್ಚಿ. ಓಕರ್ ಮತ್ತು ಕಾವಿ ಗೆರೆಯನ್ನು ಹೆಚ್ಚುಕಡಿಮೆ ಮುಚ್ಚುತ್ತವೆ. ನಿಂಬೆ ಹಳದಿ, ಮಜೆಂಟಾಗಳ ಕೆಳಗೆ ಗೆರೆ ಎದ್ದು ಕಾಣುತ್ತದೆ. ಯಾವುದನ್ನು ಅಡಿಬಣ್ಣವಾಗಿ ಬಳಸಬೇಕು, ಯಾವುದನ್ನು ಮೇಲೆ ತೆಳುವಾಗಿ ಸವರಬೇಕು ಎಂಬುದನ್ನು ಈ ರಟ್ಟೇ ತಿಳಿಸುತ್ತದೆ.

ಬೆರೆಸುವ ಮೊದಲು

ಬೊಂಬೆಯನ್ನು ಸೋಪಿನ ನೀರಿನಲ್ಲಿ ತೊಳೆದು ಅಚ್ಚಿನಿಂದ ಅಂಟಿಕೊಂಡು ಬಂದ ಜಿಡ್ಡನ್ನು ತೆಗೆದು, ಒಣಗಿಸಿ, ಮೇಲಿನ ಬಣ್ಣ ಹಿಡಿದು ನಿಲ್ಲಲು ನೆರವಾಗುವ ಪ್ರೈಮರನ್ನು ತೆಳುವಾಗಿ ಹಚ್ಚಿ. ಬಾಟಲಿಯೊಳಗೆ ತುಕ್ಕು ಹಿಡಿಯದ ಸ್ಟೀಲಿನ ಅಥವಾ ಗಾಜಿನ ಸಣ್ಣ ಗುಂಡೊಂದನ್ನು ಹಾಕಿ ಚೆನ್ನಾಗಿ ಅಲುಗಾಡಿಸಿದರೆ ತಳಕ್ಕಿಳಿದ ವರ್ಣದ್ರವ್ಯ ಮೇಲೇಳುತ್ತದೆ. ಇನ್ನು ಒದ್ದೆ ಪ್ಯಾಲೆಟ್: ಅಗಲವಾದ ಮುಚ್ಚಳದ ಡಬ್ಬಿಯಲ್ಲಿ ನೆನೆಸಿದ ಸ್ಪಂಜು, ಅದರ ಮೇಲೆ ಬೇಕಿಂಗ್ ಪಾರ್ಚ್‌ಮೆಂಟ್ ಕಾಗದ. ಕಾಗದದ ಮೂಲಕ ತೇವ ನಿಧಾನವಾಗಿ ಏರುತ್ತಿರುವುದರಿಂದ ಬೆರೆಸಿದ ಬಣ್ಣ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಮೇಣದ ಕಾಗದವಾದರೆ ತೇವ ದಾಟುವುದೇ ಇಲ್ಲ.

ಬಣ್ಣ ಒಂದು ಪಾಲಿಗೆ ನೀರು ಒಂದು ಪಾಲು ಎಂಬುದು ಆರಂಭದ ಅಳತೆ. ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿ: ಕುಂಚದ ಕೂದಲಿನ ಗುರುತು ಉಳಿದರೆ ಇನ್ನೂ ದಪ್ಪ, ತಾನಾಗಿಯೇ ಹರಿದರೆ ಅತಿ ತೆಳು. ಇದಕ್ಕಿಂತ ಬಹಳ ತೆಳುಮಾಡಬೇಕಾದಾಗ ಬರೀ ನೀರು ಸುರಿಯದೆ ಮ್ಯಾಟ್ ಮೀಡಿಯಂ, ಅಂದರೆ ವರ್ಣದ್ರವ್ಯವಿಲ್ಲದ, ಹೊಳಪಿಲ್ಲದೆ ಒಣಗುವ ಅಕ್ರಿಲಿಕ್ ಅಂಟು, ಸೇರಿಸುವುದು ಒಳ್ಳೆಯದು, ಇಲ್ಲವಾದರೆ ಅಂಟು ಸಾಲದೆ ಬಣ್ಣ ಕಲೆಕಲೆಯಾಗಿ ಒಣಗುತ್ತದೆ.

ಗಾಬ್ಲಿನ್ನಿನ ಚರ್ಮ

ಫ್ಯಾಂಟಸಿ ಕಥೆಗಳ ಹಸಿರು ಮೈಯ ಕುಳ್ಳ ಜೀವಿ ಗಾಬ್ಲಿನ್ನನ್ನು ಹಸಿರು ಬಾಟಲಿಯಿಲ್ಲದೆ ಮಾಡೋಣ. ನಿಂಬೆ ಹಳದಿ ನಾಲ್ಕು ಹನಿ ಹಾಕಿ, ಅದರ ಅಂಚಿಗೆ ಕುಂಚದ ತುದಿಯಲ್ಲಿ ತಗುಲಿದಷ್ಟೇ ಕಪ್ಪನ್ನು ಇಟ್ಟು ಎಳೆಯಿರಿ. ಕಪ್ಪಿನೊಳಗೆ ಅಡಗಿರುವ ನೀಲಿ ಛಾಯೆಯಿಂದಾಗಿ ಹಳದಿ ಕಣ್ಣೆದುರೇ ಪಾಚಿಹಸಿರಿಗೆ ತಿರುಗುತ್ತದೆ. ಯಾವಾಗಲೂ ತಿಳಿಬಣ್ಣಕ್ಕೆ ಗಾಢವನ್ನು ಸೇರಿಸಬೇಕು. ಥಾಲೋ ನೀಲಿಯಂಥ ಪ್ರಬಲ ಬಣ್ಣಕ್ಕೆ ಹಳದಿ ಸುರಿಯಲು ಹೊರಟರೆ ಇಡೀ ಬಾಟಲಿ ಮುಗಿದರೂ ಅದು ಜಗ್ಗುವುದಿಲ್ಲ. ಈ ಪಾಚಿಹಸಿರನ್ನು ಮೂರು ಭಾಗ ಮಾಡಿ. ಒಂದಕ್ಕೆ ಅಲ್ಟ್ರಾಮರೀನ್ ಮತ್ತು ಚಿಟಿಕೆಯಷ್ಟು ಕಾವಿ ಸೇರಿಸಿದರೆ ಕಂಕುಳ, ಕಣ್ಣಿನ ಗುಳಿಗಳ ನೆರಳು ಸಿದ್ಧ. ಇನ್ನೊಂದಕ್ಕೆ ಓಕರ್, ನಂತರ ತುಸು ಬಿಳಿ ಸೇರಿಸಿದರೆ ಕೆನ್ನೆಮೂಳೆಯ ಬೆಳಕು. ಕೊನೆಗೆ ಮಜೆಂಟಾವನ್ನು ಮೀಡಿಯಂನಲ್ಲಿ ಬಹಳ ತೆಳುಮಾಡಿ ಮೂಗು, ಕಿವಿಯಂಚು, ತುಟಿಗಳ ಮೇಲೆ ಸವರಿದರೆ ಹಸಿರಿನ ಕೆಳಗೆ ರಕ್ತ ಹರಿಯುತ್ತಿದೆ ಎನ್ನಿಸುತ್ತದೆ.

ಕೆಂಪಿನದು ಬೇರೆ ಕಥೆ. ನಾನು ಮೊದಲು ಬಣ್ಣ ಹಚ್ಚಿದ ಸೇನಾಪತಿಯ ಮೇಲಂಗಿಗೆ ಬೆಳಕು ತೋರಿಸಲೆಂದು ಕೆಂಪಿಗೆ ಬಿಳಿ ಬೆರೆಸಿದ್ದೆ. ಆತ ಇಂದಿಗೂ ಗುಲಾಬಿ ಶಾಲು ಹೊದ್ದುಕೊಂಡೇ ನಿಂತಿದ್ದಾನೆ. ಕೆಂಪನ್ನು ಬೆಳಗಿಸಲು ಹಳದಿ ಸೇರಿಸಿ ಕಿತ್ತಳೆಯತ್ತ ಒಯ್ಯಬೇಕು, ನೆರಳಿಗೆ ಮಜೆಂಟಾ ಮತ್ತು ಅಲ್ಟ್ರಾಮರೀನ್ ಬೆರೆಸಬೇಕು. ಹಳದಿ ಬಟ್ಟೆಯ ನೆರಳಿಗೆ ಕಪ್ಪು ಬೇಡ, ಗಾಬ್ಲಿನ್ ನೆನಪಿದೆಯಲ್ಲ. ಅಲ್ಲಿ ಕಾವಿ ಸಾಕು. ಮನುಷ್ಯನ ಚರ್ಮಕ್ಕೆ ಓಕರ್, ಕಾವಿ, ಬಿಳಿಗಳ ಪ್ರಮಾಣ ಬದಲಿಸುತ್ತಾ ಹೋದರೆ ಬೇಕಾದ ಮೈಬಣ್ಣವೆಲ್ಲ ಸಿಗುತ್ತದೆ.

ಪ್ರತಿ ಮಿಶ್ರಣವನ್ನೂ ಬೇಕೆನಿಸಿದ್ದಕ್ಕಿಂತ ಹೆಚ್ಚಾಗಿಯೇ ಬೆರೆಸಿ, ಒಂದು ಬೊಟ್ಟನ್ನು ಕಾಗದಕ್ಕೆ ಒತ್ತಿ ಪಕ್ಕದಲ್ಲಿ ಹನಿಗಳ ಲೆಕ್ಕ ಬರೆದಿಡಿ. ಕುಂಚದ ತುದಿಯನ್ನು ಬಾಯಿಗಿಟ್ಟು ಚೂಪು ಮಾಡುವ ಚಾಳಿ ಬೇಡ, ಏಕೆಂದರೆ ಕ್ಯಾಡ್ಮಿಯಂನಂಥ ವಿಷಕಾರಿ ಲೋಹವಿರುವ ವರ್ಣದ್ರವ್ಯಗಳೂ ಬಳಕೆಯಲ್ಲಿವೆ. ಲೋಹದ ಮಿನುಗಿನ ಬಣ್ಣಕ್ಕೆ ನೀರಿನ ಲೋಟವನ್ನೇ ಬೇರೆ ಇಡಿ. ಅದರ ಸಣ್ಣ ಪದರುಗಳು ಒಮ್ಮೆ ನೀರಿಗಿಳಿದರೆ ಗಾಬ್ಲಿನ್ನಿನ ಕೆನ್ನೆಯೂ ಮಿನುಗುತ್ತದೆ. ಎಲ್ಲ ಪೂರ್ತಿ ಒಣಗಿದ ಬಳಿಕ ಮ್ಯಾಟ್ ವಾರ್ನಿಷ್ ಹಚ್ಚಿ. ಅದು ಕತ್ತಿಯ ಹೊಳಪನ್ನೂ ಮಂಕಾಗಿಸುವುದರಿಂದ, ಕೊನೆಯಲ್ಲಿ ಅಲಗಿನ ಅಂಚಿಗೆ ಮತ್ತು ಎರಡು ಕಣ್ಣುಗಳಿಗೆ ಸೂಜಿಮೊನೆಯಷ್ಟು ಹೊಳಪಿನ ವಾರ್ನಿಷ್ ಮುಟ್ಟಿಸಿ.