ಅಂಟು ಹೋಗಬೇಕು, ಪಾಲಿಶ್ ಉಳಿಯಬೇಕು

ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ ನಮ್ಮ ಹಾಲ್ ನೋಡಬೇಕು ನೀವು. ಮಂಟಪ ಬಿಚ್ಚಿದ ಕಡೆ ಡಬಲ್ ಸೈಡ್ ಟೇಪಿನ ಅಂಟು, ಬಾಗಿಲ ಹತ್ತಿರ ರಂಗೋಲಿ ಸ್ಟಿಕ್ಕರ್ ಕಿತ್ತ ಗುರುತು, ದೀಪ ಇಟ್ಟಿದ್ದ ಜಾಗದಲ್ಲಿ ಎಣ್ಣೆ ಜಿಡ್ಡು. ಬಸವನಗುಡಿಯ ಹಳೇ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ ಇತ್ತು. ಅದಕ್ಕೆ ನಾವೇ ಕೊಬ್ಬರಿ ಎಣ್ಣೆ ಸವರಿ ತಿಕ್ಕುತ್ತಿದ್ದೆವು, ಹೊಳಪು ಜಾಸ್ತಿ ಆಗುತ್ತಿತ್ತು. ಈಗ ಮಗನ ಫ್ಲಾಟಿನಲ್ಲಿ ಮರದ ನೆಲ. ಇದರ ಸ್ವಭಾವವೇ ಬೇರೆ.

ಮೊದಲ ವರ್ಷ ನಾನೇ ಎಡವಟ್ಟು ಮಾಡಿದೆ. ಟೇಪಿನ ಅಂಟು ಬಿಡುತ್ತಿಲ್ಲ ಅಂತ ಸೊಸೆಯ ನೈಲ್ ಪಾಲಿಶ್ ರಿಮೂವರ್ ಹತ್ತಿಗೆ ಹಾಕಿ ಉಜ್ಜಿದೆ. ಅಂಟೇನೋ ಹೋಯಿತು, ಜೊತೆಗೆ ನೆಲದ ಹೊಳಪೂ ಹೋಯಿತು. ಅಂಗೈ ಅಗಲದ ಜಾಗ ಬೆಳ್ಳಗೆ ಮಂಕಾಗಿ ಕೂತುಬಿಟ್ಟಿತು. "ಅತ್ತೆ, ಪರವಾಗಿಲ್ಲ ಬಿಡಿ" ಅಂದಳು ಸೊಸೆ. ಅವಳ ಮುಖ ಹಾಗೆ ಹೇಳಲಿಲ್ಲ. ರಿಮೂವರ್, ಥಿನ್ನರ್ ಎರಡೂ ಪಾಲಿಶನ್ನೇ ಕರಗಿಸುತ್ತವೆ. ಹಳೇ ಕಾಲದ ಅರಗಿನ ಪಾಲಿಶ್ ಆದರಂತೂ ಸ್ಪಿರಿಟ್ ತಾಗಿದರೂ ಸಾಕು.

ಹಾಗಾಗಿ ಯಾವ ಬಾಟಲಿ ಮುಟ್ಟುವ ಮೊದಲೂ ಸೋಫಾ ಹಿಂದಿನ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಹನಿ ಮುತ್ತಿನ ಹಾಗೆ ನಿಂತರೆ ಮೇಲಿನ ಪದರ ಗಟ್ಟಿಯಾಗಿದೆ. ಅಡಿಯಲ್ಲಿ ಬಿಳಿ ಗುರುತು ಬಂದರೆ ಮೇಣದ ಪಾಲಿಶ್ ಇರಬಹುದು. ನೀರು ಇಂಗಿ ಮರ ಕಪ್ಪಾದರೆ ಪಾಲಿಶ್ ಸವೆದಿದೆ ಅಂತ ಲೆಕ್ಕ. ಅಲ್ಲಿ ಎಣ್ಣೆಯೂ ಬೇಡ, ಅದೂ ಇಂಗಿ ಕಲೆ ಬಿಡುತ್ತದೆ.

ಪದರ ಗಟ್ಟಿ ಇದೆ ಅನ್ನೋಣ. ಹೇರ್ ಡ್ರೈಯರನ್ನು ಕಡಿಮೆ ಬಿಸಿಗೆ ಇಟ್ಟು, ಒಂದೇ ಕಡೆ ಹಿಡಿಯದೆ, ಅಂಟಿನ ಮೇಲೆ ಆಡಿಸಿ. ಕೈಯಿಟ್ಟರೆ ಬೆಚ್ಚಗಿರಬೇಕು, ಸುಡಬಾರದು. ಆಮೇಲೆ ಹತ್ತಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಅಂಟಿನ ಮೇಲಷ್ಟೇ ಕೂರಿಸಿ. ಕಾಲು ಗಂಟೆ ಬಿಟ್ಟುಬಿಡಿ, ಅಷ್ಟರಲ್ಲಿ ಕಾಫಿ ಕುಡಿದು ಬನ್ನಿ. ಬಂದು ಬೆರಳಲ್ಲಿ ಮೆಲ್ಲಗೆ ಉರುಟಿದರೆ, ಎಣ್ಣೆ ಸ್ನಾನದಲ್ಲಿ ಮೈ ಉಜ್ಜಿದಾಗ ಕೊಳೆ ಬರುತ್ತದಲ್ಲ, ಹಾಗೆ ಬತ್ತಿ ಬತ್ತಿಯಾಗಿ ಬರುತ್ತದೆ. ಬಾರದಿದ್ದರೆ ಹಳೇ ಎಟಿಎಂ ಕಾರ್ಡನ್ನು ಮಲಗಿಸಿ ಹಿಡಿದು, ಮರದ ಗೆರೆ ಹೋದ ದಿಕ್ಕಿಗೇ ತಳ್ಳಿ. ಚಾಕು, ಬ್ಲೇಡು ಹತ್ತಿರ ತರಬೇಡಿ. ಪಾತ್ರೆ ತಿಕ್ಕುವ ಸ್ಟೀಲ್ ನಾರಂತೂ ಬೇಡವೇ ಬೇಡ. ಬೆಳ್ಳಗಿನ ಮ್ಯಾಜಿಕ್ ಸ್ಪಂಜ್ ಮೆತ್ತಗೆ ಕಂಡರೂ ಸಣ್ಣ ಉಪ್ಪು ಕಾಗದದ ಕೆಲಸವನ್ನೇ ಮಾಡುತ್ತದೆ, ಹೊಳಪು ತೆಗೆಯುತ್ತದೆ.

ಅಂಟು ಹೋದ ಮೇಲೆ ಎಣ್ಣೆ ತೆಗೆಯುವುದನ್ನು ಮರೆಯಬೇಡಿ. ನನ್ನ ವಯಸ್ಸಿನವರು ಜಾರಿದರೆ ಆಮೇಲೆ ಕಷ್ಟ ಅಲ್ವಾ. ಒಂದು ಬೋಗುಣಿ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ ಸಾಕು. ಬಟ್ಟೆಯನ್ನು ತೊಟ್ಟಿಕ್ಕದಂತೆ ಹಿಂಡಿ ಒರೆಸಿ. ಮತ್ತೆ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ನಮ್ಮದು ಬೋರ್‌ವೆಲ್ ನೀರು, ಬಲು ಗಡಸು, ಒಣಗಿದರೆ ಬಿಳಿ ಪೊರೆ ಕಟ್ಟುತ್ತದೆ. ಅದಕ್ಕೇ ಈ ಕೆಲಸಕ್ಕೆ ಮಾತ್ರ ಆರ್‌ಒ ಫಿಲ್ಟರಿನಿಂದ ಒಂದು ಚೊಂಬು ನೀರು ಹಿಡಿದುಕೊಳ್ಳುತ್ತೇನೆ.

ದೀಪದ ಎಣ್ಣೆ ಜಿಡ್ಡಿಗೂ ಇದೇ ಸೋಪು ನೀರು, ಎರಡು ಮೂರು ಸಲ. ಮೇಣದಬತ್ತಿ ತೊಟ್ಟಿಕ್ಕಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಐಸ್ ಕಟ್ಟಿ ಮೇಲಿಡಿ, ಗಟ್ಟಿಯಾದ ಮೇಣ ಕಾರ್ಡಿಗೆ ಏಳುತ್ತದೆ.

ಅರಿಶಿನಕ್ಕೆ ಮಾತ್ರ ಸೋಪು ಹಾಕಿ ಗಾಬರಿ ಆಗಬೇಡಿ. ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಓಕುಳಿ ಆಗುತ್ತದಲ್ಲ, ಅದೇ ಲೆಕ್ಕ. ಒದ್ದೆ ಬಟ್ಟೆಯಲ್ಲಿ ಬಂದಷ್ಟು ತೆಗೆದು ಸುಮ್ನೆ ಬಿಡಿ, ಕಿಟಕಿ ಬಿಸಿಲಿಗೆ ದಿನ ಕಳೆದಂತೆ ತಿಳಿಯಾಗುತ್ತದೆ. ನಿಂಬೆಹಣ್ಣು, ವಿನೆಗರ್ ಹಚ್ಚಿ ಅಂತ ಹೇಳುವವರು ತುಂಬಾ ಜನ. ಹುಳಿ ಪದೇ ಪದೇ ಬಿದ್ದರೆ ಪಾಲಿಶ್ ಮಂಕಾಗುತ್ತದೆ, ನಾನು ಹಚ್ಚುವುದಿಲ್ಲ. ಅಡಿಗೆ ಸೋಡವೂ ಅಷ್ಟೇ, ಉಜ್ಜಿದರೆ ಗೀರು ಬೀಳುತ್ತದೆ.

ಅಂದಹಾಗೆ, ಬಹಳ ಫ್ಲಾಟುಗಳ ಬೆಡ್‌ರೂಮಿನಲ್ಲಿ ಇರುವುದು ಮರವಲ್ಲ, ಮರದ ಚಿತ್ರ ಅಂಟಿಸಿದ ಲ್ಯಾಮಿನೇಟ್. ಅದರ ಸಂದಿಗೆ ನೀರು ಇಳಿದರೆ ಅಂಚು ಉಬ್ಬುತ್ತದೆ, ಮರದ ಹಾಗೆ ತೀಡಿ ಪಾಲಿಶ್ ಹಾಕಿಸುವುದಕ್ಕೂ ಆಗುವುದಿಲ್ಲ. ಅಲ್ಲಿ ಬಟ್ಟೆ ಇನ್ನೂ ಚೆನ್ನಾಗಿ ಹಿಂಡಿ.

ಈ ವರ್ಷ ಮಂಟಪದ ಕೆಳಗೆ ದಪ್ಪ ಚಾಪೆ ಹಾಸಿ, ಟೇಪೆಲ್ಲ ಚಾಪೆಗೇ ಅಂಟಿಸಿದೆವು. ಬಾಳೆ ಕಂಬದ ಬುಡದಿಂದ ಒಂದಿಷ್ಟು ನೀರು ನೆಲಕ್ಕೆ ಇಳಿದಿತ್ತು. ಬಾಳೆ ಕರೆ ಒಣಗಿದರೆ ಕಂದು ಕಲೆ ಹೋಗುವುದೇ ಇಲ್ಲ. ಆರತಿ ತಟ್ಟೆ ಸೊಸೆ ಕೈಗೆ ಕೊಟ್ಟು, ಅಲ್ಲೇ ಕೂತು ಒರೆಸಿಬಿಟ್ಟೆ.