ಮಂಡಿ ಸವೆತಕ್ಕೆ ಶಾಕ್ ವೇವ್: ಎಲ್ಲಿ, ಎಷ್ಟು, ಹೇಗೆ

ಶಾಕ್ ಎಂದೊಡನೆ ಕರೆಂಟ್ ಹೊಡೆಯುತ್ತದೆಂದು ರೋಗಿ ಕಾಲು ಬಿಗಿ ಹಿಡಿದು ಕೂರುವುದುಂಟು. ಇದು ಒತ್ತಡದ ಅಲೆ, ವಿದ್ಯುತ್ತಲ್ಲ ಎಂದು ಮೊದಲೇ ಹೇಳಿಬಿಡಿ. ಕಿಡ್ನಿ ಕಲ್ಲು ಒಡೆಯಲು 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲು ಬಳಸಿದ ತಂತ್ರದ ಕಡಿಮೆ ಶಕ್ತಿಯ ರೂಪವಿದು. ನೋವು ಇಳಿಸಿ ನಡಿಗೆ ಸುಧಾರಿಸಬಹುದು, ಅಷ್ಟೇ. ಸವೆದ ಕಾರ್ಟಿಲೇಜ್ (ಮೂಳೆತುದಿಯ ನುಣುಪಾದ ಹೊದಿಕೆ) ಮತ್ತೆ ಬೆಳೆಯುತ್ತದೆಂದು ಮಾತು ಕೊಡಬೇಡಿ.

ಎಕ್ಸ್‌ರೇಯಲ್ಲಿ ಸವೆತ ಎರಡನೇ ಅಥವಾ ಮೂರನೇ ಗ್ರೇಡ್‌ನಲ್ಲಿದ್ದವರಿಗೆ ಪ್ರಯತ್ನಿಸಬಹುದು. ಮೂಳೆಗೆ ಮೂಳೆ ತಾಗುವ ನಾಲ್ಕನೇ ಗ್ರೇಡ್‌ನಲ್ಲಿ ಹೆಚ್ಚು ನಿರೀಕ್ಷೆ ಬೇಡ. ಗರ್ಭಿಣಿಯರಿಗೆ, ಆ ಜಾಗದಲ್ಲಿ ಗೆಡ್ಡೆ ಅಥವಾ ಸೋಂಕು ಇದ್ದವರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ, ರಕ್ತಸ್ರಾವದ ಕಾಯಿಲೆ ಇದ್ದವರಿಗೆ ಕೊಡಲೇಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರನ್ನು ಕೇಳದೆ ಮುಟ್ಟಬೇಡಿ; ಇದಕ್ಕಾಗಿ ಮಾತ್ರೆ ನಿಲ್ಲಿಸುವಂತೆಯೂ ಹೇಳಬೇಡಿ. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದ್ದರೆ ಆರು ವಾರ ಕಾಯಿರಿ.

ಫಲ ನಿಲ್ಲುವುದು ಜಾಗ ಹುಡುಕುವುದರ ಮೇಲೆ. ರೋಗಿಯನ್ನು ಅಂಗಾತ ಮಲಗಿಸಿ, ಪಾದ ಹಾಸಿಗೆಯ ಮೇಲೆ ಊರಿಸಿ ಮಂಡಿಯನ್ನು 90 ಡಿಗ್ರಿ ಮಡಿಸಿ. ಚಿಪ್ಪಿನ ಕೆಳಗಿನ ಗಟ್ಟಿ ಪಟ್ಟಿಯ ಎರಡೂ ಬದಿ ಮೆತ್ತನೆಯ ತಗ್ಗು ಸಿಗುತ್ತದೆ. ಒಳಬದಿಯ ತಗ್ಗಿನಲ್ಲಿ ಹೆಬ್ಬೆರಳಿಟ್ಟು, ತೊಡೆಮೂಳೆಗೂ ಕೆಳಗಿನ ಮೂಳೆಗೂ ನಡುವಿನ ಸಂದು ಹಿಡಿದು ನಿಧಾನವಾಗಿ ಹಿಂದಕ್ಕೆ ಜಾರಿಸಿ. ಒತ್ತಿದಾಗ ರೋಗಿಯ ಮುಖ ಕಿವುಚಿದ ಕಡೆಯೆಲ್ಲ ಸ್ಕಿನ್ ಪೆನ್ಸಿಲ್‌ನಿಂದ ಗುರುತು ಹಾಕಿ. ಚಿಪ್ಪಿನ ಅಂಚನ್ನೂ ಹೀಗೆಯೇ ತಡವಿ ನೋಡಿ. ಮಂಡಿಯ ಹಿಂದಿನ ಗುಳಿಗೆ ಮಾತ್ರ ಹೋಗಬೇಡಿ: ದೊಡ್ಡ ರಕ್ತನಾಳ, ನರ ಎರಡೂ ಅಲ್ಲಿವೆ. ಹೊರಬದಿಯಲ್ಲಿ ಮಂಡಿಯ ಕೆಳಗಿರುವ ಸಣ್ಣ ಮೂಳೆಗುಬ್ಬಿಯನ್ನೂ ಬಿಡಿ. ಅದನ್ನು ಬಳಸಿ ಹೋಗುವ ನರಕ್ಕೆ ಪೆಟ್ಟಾದರೆ ಪಾದ ಎತ್ತಲು ಆಗದು.

ಜೆಲ್ ಧಾರಾಳವಾಗಿರಲಿ, ಗುಳ್ಳೆ ಇರಬಾರದು. ಚರ್ಮಕ್ಕೂ ಹ್ಯಾಂಡ್‌ಪೀಸ್‌ಗೂ (ಅಲೆ ಹೊಮ್ಮಿಸುವ ಕೈಹಿಡಿ) ನಡುವೆ ಗಾಳಿ ಸಿಕ್ಕಿಕೊಂಡರೆ ಅಲೆ ಅಲ್ಲಿಂದಲೇ ಹಿಂದಕ್ಕೆ ಪುಟಿಯುತ್ತದೆ. ಚರ್ಮ ಉರಿಯುತ್ತದೆ, ಒಳಗೆ ಏನೂ ತಲುಪುವುದಿಲ್ಲ. ಯಂತ್ರದಲ್ಲಿ ಎರಡು ಬಗೆ: ಅಲೆಯನ್ನು ಚರ್ಮದಿಂದ ಹರಡಿಸುವ ರೇಡಿಯಲ್, ಒಳಗೆ ಒಂದೆಡೆ ಕೂಡಿಸುವ ಫೋಕಸ್ಡ್. ರೇಡಿಯಲ್ ಯಂತ್ರವಾದರೆ 1.5 ಬಾರ್ (ಒತ್ತಡದ ಅಳತೆ) ನಿಂದ ಶುರುಮಾಡಿ. ಮೊದಲ ಇನ್ನೂರು ಮುನ್ನೂರು ಹೊಡೆತಕ್ಕೆ ಮಂಡಿ ಒಗ್ಗಿದ ಮೇಲೆ, ತಡೆದುಕೊಳ್ಳುವಷ್ಟು ನೋವಿನಲ್ಲಿ 2ರಿಂದ 2.5ಕ್ಕೆ ಏರಿಸಿ. 10 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಹತ್ತರಂತೆ, 2000 ಹೊಡೆತಕ್ಕೆ ಮೂರು ನಿಮಿಷ ಇಪ್ಪತ್ತು ಸೆಕೆಂಡು ಸಾಕು. ಹ್ಯಾಂಡ್‌ಪೀಸ್ ಚರ್ಮಕ್ಕೆ ನೇರವಾಗಿ ನಿಲ್ಲಲಿ. ಅದರ ತೂಕವೇ ಸಾಕು, ನೀವು ಒತ್ತಿದರೆ ಮೂಳೆಯ ಮೇಲೆ ಕಂದುತ್ತದೆ. ಗುರುತಿನ ಸುತ್ತ ಸಣ್ಣ ಸುತ್ತು ಹಾಕುತ್ತ ಸಾಗಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡಬೇಡಿ. ಎಲ್ಲಿ ನೋವು, ಎಷ್ಟು ಜಾಸ್ತಿಯಾಯಿತು ಎಂದು ಹೇಳಬೇಕಾದವರು ರೋಗಿಯೇ.

ಫೋಕಸ್ಡ್ ಯಂತ್ರದ ಲೆಕ್ಕ ಬೇರೆ. ಅಲ್ಲಿ ಬಾರ್ ಇಲ್ಲ, ಚದರ ಮಿಲಿಮೀಟರಿಗೆ ಇಷ್ಟು ಮಿಲಿಜೂಲ್ ಎಂದು ಅಳತೆ. ರೇಡಿಯಲ್ ಅಲೆಯ ಬಲ ಚರ್ಮದಲ್ಲೇ ಹೆಚ್ಚು, ಆಳಕ್ಕೆ ಹೋದಂತೆ ಕುಗ್ಗುತ್ತದೆ. ಫೋಕಸ್ಡ್ ಅಲೆ ಒಳಗೇ ಒಂದು ಬಿಂದುವಿನಲ್ಲಿ ಕೂಡುತ್ತದೆ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಬೇಡಿ.

ವಾರಕ್ಕೊಂದರಂತೆ ಮೂರರಿಂದ ಐದು ಸಲ ಮಾಡಿ. ಕೆಂಪಾಗುವುದು, ಒಂದೆರಡು ದಿನ ನೋವು ಜಾಸ್ತಿಯಾಗುವುದು ಸಹಜ. ಮಂಡಿ ಊದಿ ಬಿಸಿಯಾದರೆ, ಮೀನಖಂಡ ಬಿಗಿದು ನೊಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ತೊಡೆಯ ವ್ಯಾಯಾಮ, ತೂಕ ಇಳಿಸುವುದು ಬಿಟ್ಟು ಇದೊಂದನ್ನೇ ನೆಚ್ಚಿಕೊಂಡರೆ ಸಿಕ್ಕ ಲಾಭವೂ ನಿಲ್ಲದು.

ಮೊದಲ ದಿನವೇ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆಂದು ಎಣಿಸಿ ಬರೆದಿಡಿ. ನೋವಿಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳಿ. ಫಲ ಕಾಣಲು ವಾರಗಳೇ ಬೇಕು. ಹನ್ನೆರಡು ವಾರವಾದರೂ ಅಂಕಿ ಅಲುಗದಿದ್ದರೆ ಬಾರ್ ಏರಿಸಲು ಹೋಗಬೇಡಿ. ರೇಡಿಯಲ್ ಹ್ಯಾಂಡ್‌ಪೀಸ್ ಒಳಗೆ ಬಡಿದು ಅಲೆ ಎಬ್ಬಿಸುವ ಗುಂಡು ಸವೆದಿದೆಯೇ ನೋಡಿ, ಆಮೇಲೆ ಸೊಂಟದ ಕೀಲನ್ನು ತಿರುಗಿಸಿ ನೋಡಿ. ಅದು ಸವೆದಾಗಲೂ ರೋಗಿ ಕೈಯಿಡುವುದು ಮಂಡಿಯ ಮೇಲೆಯೇ.