ಪಟ್ಟಿ ಇರಲಿ, ಕಾಲಂ ಹೋಗಲಿ

ನನ್ನ ಮೊಬೈಲ್ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಬರುತ್ತಿದ್ದುದು ಒಂದು ಪಿಡಿಎಫ್. ಹಿಂದೊಮ್ಮೆ ಅರ್ಜಿ ಹಾಕಿದ್ದ ಹುದ್ದೆಯ ತಾತ್ಕಾಲಿಕ ಆಯ್ಕೆ ಪಟ್ಟಿ ಅದು. ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಮೀಸಲಾತಿ ಪ್ರವರ್ಗ, ಅಂಕ, ಕೊನೆಯ ಕಾಲಂನಲ್ಲಿ ಮೊಬೈಲ್ ಸಂಖ್ಯೆ. ಆಕ್ಷೇಪಣೆಯ ಅವಧಿ ಮುಗಿದು, ನೇಮಕಾತಿಯೂ ಮುಗಿದು, ಪಟ್ಟಿ ಮಾತ್ರ ಇಲಾಖೆಯ ಜಾಲತಾಣದಲ್ಲಿ ಹಾಗೇ ಉಳಿದಿತ್ತು. ಸಾಲ ಕೊಡುವವರು, ‘ಕೆಲಸ ಮಾಡಿಸಿಕೊಡುತ್ತೇವೆ’ ಎನ್ನುವ ದಲ್ಲಾಳಿಗಳು ನನ್ನ ಜನ್ಮದಿನಾಂಕವನ್ನೇ ಹೇಳಿ ಮಾತು ಆರಂಭಿಸುತ್ತಿದ್ದರು.

ಪಟ್ಟಿಯನ್ನೇ ತೆಗೆಯಿರಿ ಎಂದು ನಾನು ಕೇಳಲಿಲ್ಲ. 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಹಗರಣವನ್ನು ಕಂಡ ರಾಜ್ಯದಲ್ಲಿ ಯಾರಿಗೆ ಎಷ್ಟು ಅಂಕ ಬಂತೆಂಬುದು ಎಲ್ಲರ ಕಣ್ಣಿಗೆ ಬೀಳುತ್ತಲೇ ಇರಬೇಕು. ಆದರೆ ಅಭ್ಯರ್ಥಿಯ ದೂರವಾಣಿ ಸಂಖ್ಯೆಯಿಂದ ಯಾವ ಅಕ್ರಮವೂ ಬಯಲಾಗುವುದಿಲ್ಲ. ಹೀಗೆ ಬೇರ್ಪಡಿಸಿ ನೋಡುವುದಕ್ಕೆ ನಮ್ಮ ಹೈಕೋರ್ಟಿನ 2017ರ ಜನವರಿಯ ಆದೇಶವೊಂದು ನನಗೆ ದಾರಿ ತೋರಿಸಿತು. ತಂದೆಯೊಬ್ಬರು ಮಗಳ ಹೆಸರು ಹಳೆಯ ಪ್ರಕರಣದ ಆದೇಶದಲ್ಲಿ ಅಂತರ್ಜಾಲದ ಹುಡುಕಾಟಕ್ಕೆ ಸಿಗಬಾರದೆಂದು ಕೇಳಿದ್ದರು. ಹುಡುಕಾಟದಲ್ಲಿ ಹೆಸರು ಕಾಣದಂತೆ ನೋಡಿಕೊಳ್ಳಲು ನ್ಯಾಯಾಲಯವು ತನ್ನ ಕಚೇರಿಯಾದ ರಿಜಿಸ್ಟ್ರಿಗೆ ಸೂಚಿಸಿತು. ದೃಢೀಕೃತ ಪ್ರತಿಯಲ್ಲಿ ಮಾತ್ರ ಹೆಸರು ಇದ್ದೇ ಇರುತ್ತದೆ ಎಂದೂ ಸ್ಪಷ್ಟಪಡಿಸಿತು.

ಕಾನೂನಿನ ಬಲ ಹೆಚ್ಚೇನೂ ಇರಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಹೇಳಿದ್ದು ಪುಟ್ಟಸ್ವಾಮಿ ಪ್ರಕರಣದಲ್ಲಿ; ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿದೆ, ಆದರೆ ನಾನು ಇಲಾಖೆಗೆ ಪತ್ರ ಬರೆದಾಗ ಅದು ಜಾರಿಗೆ ಬಂದಿರಲಿಲ್ಲ. ನನಗೆ ನೆರವಾದದ್ದು ಹಳೆಯ ಮಾಹಿತಿ ಹಕ್ಕು ಕಾಯ್ದೆ. ಕೊಡಬಾರದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಬಹುದು ಎನ್ನುತ್ತದೆ ಅದರ 10ನೇ ಸೆಕ್ಷನ್. ಯಾರಾದರೂ ಅರ್ಜಿ ಹಾಕಿ ಕೇಳಿದರೂ ನನ್ನ ಸಂಖ್ಯೆಯನ್ನು ಕೊಡಲು ಹಿಂಜರಿಯುವ ನೀವು ಯಾರೂ ಕೇಳದೆ ಅದನ್ನು ಲೋಕಕ್ಕೆಲ್ಲ ಏಕೆ ಹಂಚುತ್ತಿದ್ದೀರಿ ಎಂದು ಬರೆದೆ. ಜಾಲತಾಣದ ವಿಳಾಸ, ಪುಟ ಸಂಖ್ಯೆ, ಕಾಲಂನ ಹೆಸರು, ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ಲಗತ್ತಿಸಿದೆ. ಪತ್ರವನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಇಮೇಲ್‌ಗೆ ಉತ್ತರ ಬರಲಿಲ್ಲ. ಮುದ್ರೆ ಬಿದ್ದ ಪತ್ರ ಮಾತ್ರ ವಿಷಯ ನಿರ್ವಾಹಕರ ಮೇಜಿಗೆ ಹೋಗಿ ಕಡತವಾಯಿತು.

ಕೊನೆಗೆ ಹೊಸ ಪಿಡಿಎಫ್ ಬಂತು. ಮೊಬೈಲ್ ಕಾಲಂನ ಮೇಲೆ ಕಪ್ಪು ಪಟ್ಟೆ ಎಳೆದಿದ್ದರು. ಮೌಸ್ ಎಳೆದು ನಕಲು ಮಾಡಿ ಬೇರೆಡೆ ಅಂಟಿಸಿದರೆ ಎಲ್ಲ ಸಂಖ್ಯೆಗಳೂ ಹಾಗೆಯೇ ಇದ್ದವು! ಇದನ್ನು ಕಾಗದದಲ್ಲಿ ವಿವರಿಸಲು ಆಗದೆ ಕಚೇರಿಗೇ ಹೋಗಿ ಕಂಪ್ಯೂಟರ್ ಆಪರೇಟರ್ ಮುಂದೆ ಮಾಡಿ ತೋರಿಸಿದೆ. ಮೂಲ ಎಕ್ಸೆಲ್ ಕಡತದಲ್ಲೇ ಕಾಲಂ ಅಳಿಸಿ ಹೊಸ ಪಿಡಿಎಫ್ ಮಾಡಬೇಕು, ಹಳೆಯದನ್ನು ಸರ್ವರ್‌ನಿಂದಲೇ ತೆಗೆಯಬೇಕು ಎಂದೆ. ಪುಟದಿಂದ ಕೊಂಡಿ ಕಿತ್ತರೆ ಸಾಲದು, ವಿಳಾಸ ಗೊತ್ತಿದ್ದವರಿಗೆ ಕಡತ ತೆರೆಯುತ್ತಲೇ ಇರುತ್ತದೆ. ಆತ ಚುರುಕಿನ ಹುಡುಗ, ನಾನು ಅಲ್ಲಿರುವಾಗಲೇ ಮಾಡಿ ಮುಗಿಸಿದ. ಪಟ್ಟಿಯಲ್ಲಿದ್ದ ಎಲ್ಲರ ಸಂಖ್ಯೆಗಳೂ ಅದರೊಂದಿಗೆ ಹೋದವು.

ಮೂಲದಲ್ಲಿ ಹೋದರೂ ಹುಡುಕಾಟದಲ್ಲಿ ಕೆಲಕಾಲ ಹಳೆಯ ತುಣುಕು ಕಾಣುತ್ತದೆ. ಅದಕ್ಕೆ ಗೂಗಲ್‌ನಲ್ಲಿ ಹಳತಾದ ಫಲಿತಾಂಶವನ್ನು ನವೀಕರಿಸಲು ಕೇಳುವ ಸೌಲಭ್ಯವಿದೆ, ಯಾರು ಬೇಕಾದರೂ ಬಳಸಬಹುದು. ಬಿಂಗ್‌ಗೆ ಬೇರೆ ಅರ್ಜಿ. ಮೊದಲು ಮೂಲ, ಆಮೇಲೆ ಹುಡುಕಾಟ ಯಂತ್ರ, ಈ ಅನುಕ್ರಮ ಮುಖ್ಯ. ಫೋನ್ ಸಂಖ್ಯೆ, ಮನೆ ವಿಳಾಸದಂಥವನ್ನು ಫಲಿತಾಂಶಗಳಿಂದ ತೆಗೆಯಲು ಗೂಗಲ್‌ನಲ್ಲಿ ಇನ್ನೊಂದು ಅರ್ಜಿ ಇದೆಯಾದರೂ, ಸರ್ಕಾರಿ ತಾಣದ ಸಾರ್ವಜನಿಕ ದಾಖಲೆಗೆ ಅದು ಸಾಮಾನ್ಯವಾಗಿ ನಡೆಯುವುದಿಲ್ಲ. ಯುರೋಪಿನ ನ್ಯಾಯಾಲಯದ 2014ರ ತೀರ್ಪು ಬಂದದ್ದು ತದ್ವಿರುದ್ಧ ದಾರಿಯಲ್ಲಿ: ಸ್ಪೇನ್‌ನ ಪತ್ರಿಕೆಯಲ್ಲಿದ್ದ, ಒಬ್ಬರ ಆಸ್ತಿಯ 1998ರ ಹರಾಜು ಪ್ರಕಟಣೆ ಅಲ್ಲೇ ಉಳಿಯಿತು, ಗೂಗಲ್ ಕೊಂಡಿಯನ್ನು ತೆಗೆಯಬೇಕಾಯಿತು. ನಮ್ಮಲ್ಲಿ ಅಂಥ ಆಸರೆ ಇನ್ನೂ ಗಟ್ಟಿಯಾಗಿಲ್ಲ. ಹಾಗಾಗಿ ಮೂಲದಿಂದಲೇ ಹೊರಡುವುದು ವಾಸಿ.

ನಕಲುಗಳನ್ನು ಹುಡುಕುವುದೇ ದೊಡ್ಡ ಕೆಲಸ. ಉದ್ಯೋಗ ಮಾಹಿತಿ ತಾಣಗಳು ಇಂಥ ಪಟ್ಟಿಗಳನ್ನು ಎತ್ತಿ ತಮ್ಮಲ್ಲಿ ಹಾಕಿಕೊಳ್ಳುತ್ತವೆ. ಹೆಸರಿನಿಂದ ಹುಡುಕಿದರೆ ಒಂದೂ ಸಿಗಲಿಲ್ಲ, ಏಕೆಂದರೆ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿತ್ತು. ಯೂನಿಕೋಡ್ ಅಲ್ಲದ ಆ ಅಕ್ಷರಗಳು ಹುಡುಕಾಟ ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅಂಕಿಗಳು ಮಾತ್ರ ಸರಿಯಾಗಿ ಓದಿಸಿಕೊಳ್ಳುತ್ತವೆ. ಆದ್ದರಿಂದ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಮೊದಲಿಗೆ ಸೊನ್ನೆ ಹಾಕಿ, 91 ಹಾಕಿ, ಐದಂಕಿಯ ನಂತರ ಜಾಗ ಬಿಟ್ಟು ಹೀಗೆ ಬಗೆಬಗೆಯಾಗಿ ಹುಡುಕಿದೆ.

ಕಾಲಂ ಮಾತ್ರ ತೆಗೆಸಿದ್ದು ಇಲ್ಲಿ ಕೈಹಿಡಿಯಿತು. ‘ನಿಮ್ಮ ಪುಟ ಅಳಿಸಿ’ ಎಂದರೆ ಆ ತಾಣದವರು ಕೇಳುವವರಲ್ಲ, ಆ ಪುಟಗಳಿಂದಲೇ ಅವರ ಜಾಹೀರಾತಿನ ಗಳಿಕೆ. ‘ಇಲಾಖೆ ಪರಿಷ್ಕೃತ ಪ್ರತಿ ಹಾಕಿದೆ, ನಿಮ್ಮಲ್ಲಿರುವುದು ಹಳೆಯದು’ ಎಂದು ಹೊಸ ಪಿಡಿಎಫ್ ಕಳುಹಿಸಿದಾಗ ಹೆಚ್ಚಿನವರು ಬದಲಿಸಿದರು. ಟೆಲಿಗ್ರಾಂ ಗುಂಪೊಂದರ ಅಡ್ಮಿನ್ ಮಾತ್ರ, ‘ಸರ್ಕಾರವೇ ಹಾಕಿದ್ದಲ್ಲವೇ ಮೇಡಂ, ನಿಮಗೇನು ಕಷ್ಟ?’ ಎಂದು ಕೇಳಿದ. ಅವನ ಸಂಖ್ಯೆಯನ್ನೂ ಗುಂಪಿನಲ್ಲಿ ಹಾಕಲೇ ಎಂದು ಕೇಳಿದೆ. ಸಂಜೆಯೊಳಗೆ ಕಡತ ಹೋಯಿತು. ಸಂಪರ್ಕ ವಿಳಾಸವನ್ನೇ ಕೊಡದ ತಾಣಗಳಿಗೆ ಗೂಗಲ್‌ನ ಎರಡನೆಯ ಅರ್ಜಿ ಉಪಯೋಗಕ್ಕೆ ಬಂತು. ಖಾಸಗಿ ತಾಣಗಳಾದ್ದರಿಂದ ಅಲ್ಲಿ ಅದು ನಡೆಯಿತು. ಪುಟ ಅಲ್ಲೇ ಇದೆ, ಸಂಖ್ಯೆಯಿಂದ ಹುಡುಕಿದರೆ ಬರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಪ್ರತಿಗಳಿಗೆ ಮಾತ್ರ ಯಾವ ಅರ್ಜಿಯೂ ಇಲ್ಲ, ದಲ್ಲಾಳಿಗಳ ಕರೆ ಈಗಲೂ ಆಗೊಮ್ಮೆ ಈಗೊಮ್ಮೆ ಬರುತ್ತದೆ.